ಓಡಿಬಂದ ತಂದೆ: ತಪಸ್ಸುಕಾಲದ ಒಂದು ಧ್ಯಾನ

ಈಸ್ಟರ್ ಹಬ್ಬಕ್ಕೆ ಸಿದ್ಧರಾಗುವ ತಪಸ್ಸುಕಾಲದ ಎರಡನೆಯ ವಾರದ ಶನಿವಾರ ಬಲಿಪೂಜೆಯಲ್ಲಿ ಲೂಕನ ಶುಭಸಂದೇಶದ 15ನೆಯ ಅಧ್ಯಾಯದಿಂದ, ಮನೆ ಬಿಟ್ಟುಹೋದ ಕಿರಿಯ ಮಗನ ಸಾಮತಿಯನ್ನು, ಅಂದರೆ ದೃಷ್ಟಾಂತ ಕಥೆಯನ್ನು, ಓದುತ್ತಾರೆ. ಯೇಸುಸ್ವಾಮಿ ಅದನ್ನು ಯೆಹೂದ್ಯರಾಗಿ, ಯೆಹೂದ್ಯರ ನಡುವೆ ಕುಳಿತು ಹೇಳಿದರು. ಅಂದು ಕೇಳುತ್ತಿದ್ದ ಸುಂಕದವರಿಗೂ ಯೇಸು ಪಾಪಿಗಳೊಡನೆ ಊಟಮಾಡುತ್ತಾರೆಂದು ಗೊಣಗುತ್ತಿದ್ದ, ಧರ್ಮಶಾಸ್ತ್ರನಿಷ್ಠರಾದ ಫರಿಸಾಯರಿಗೂ ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಕಥೆಗಳನ್ನು ಪಕ್ಕಕ್ಕಿಟ್ಟುಕೊಂಡು ಈ ಸಲ ಅದನ್ನು ಧ್ಯಾನಿಸುವ ಕೃಪೆ ನನಗೆ ದೊರೆಯಿತು. ಆ ಕೃತಜ್ಞತೆಯಿಂದಲೇ ಬರೆಯುತ್ತಿದ್ದೇನೆ.

ಒಬ್ಬನಿಗೆ ಇಬ್ಬರು ಮಕ್ಕಳು ಎಂದೊಡನೆ ಆ ಕೇಳುಗರಿಗೆ ಕಾಯಿನ ಮತ್ತು ಹೇಬೆಲ, ಇಷ್ಮಾಯೇಲ ಮತ್ತು ಇಸಾಕ, ಏಸಾವ ಮತ್ತು ಯಕೋಬ ನೆನಪಾಗಿರಬೇಕು. ಆ ಕಥೆಗಳಲ್ಲೆಲ್ಲ ದೇವರ ಒಲವು ಕಿರಿಯವನ ಕಡೆಗಿತ್ತು. ಇಲ್ಲಿಯೂ ಕಿರಿಯವನೇ ಗೆಲ್ಲುತ್ತಾನೆಂದು ಅವರು ಕಾದಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ಕಿರಿಯವನು ತಂದೆ ಬದುಕಿರುವಾಗಲೇ ಪಾಲು ಕೇಳುತ್ತಾನೆ. ಧರ್ಮೋಪದೇಶಕಾಂಡದ 21ನೆಯ ಅಧ್ಯಾಯದ ಪ್ರಕಾರ ಚೊಚ್ಚಲ ಮಗನಿಗೆ ಎರಡು ಪಾಲು ಸಲ್ಲಬೇಕಾದ್ದರಿಂದ ಇವನ ಪಾಲಿಗೆ ಬರುವುದು ಮೂರರಲ್ಲಿ ಒಂದು ಭಾಗ. ಯೇಸುಸ್ವಾಮಿಗಿಂತ ಸುಮಾರು 200 ವರ್ಷ ಮೊದಲು ಜೆರುಸಲೇಮಿನ ಜ್ಞಾನಿ ಸಿರಾಖನು, ಜೀವ ಇರುವತನಕ ಆಸ್ತಿಯನ್ನು ಮಕ್ಕಳ ಕೈಗೆ ಕೊಡಬೇಡ, ನೀನು ಅವರ ಕೈ ನೋಡುವುದಕ್ಕಿಂತ ಅವರು ನಿನ್ನನ್ನು ಕೇಳುವುದೇ ಲೇಸು ಎಂದು ಎಚ್ಚರಿಸಿದ್ದನು. ಸಾಮತಿಯ ತಂದೆ ಆ ಎಚ್ಚರಿಕೆಯನ್ನು ಬದಿಗೊತ್ತಿ ಒಂದು ಮಾತೂ ಆಡದೆ ಹಂಚಿಕೊಡುತ್ತಾನೆ.

ಮಗ ದೂರದೇಶದಲ್ಲಿ ಪಾಲನ್ನೆಲ್ಲ ದುಂದುಮಾಡಿ, ಬರಗಾಲ ಬಂದಾಗ ಹಂದಿ ಕಾಯುವ ಕೆಲಸಕ್ಕೆ ಸೇರುತ್ತಾನೆ. ಹಂದಿ ಯೆಹೂದ್ಯರಿಗೆ ಅಶುದ್ಧವೆಂಬುದನ್ನು ಯಾಜಕಕಾಂಡ ಬಲ್ಲವರೆಲ್ಲ ಬಲ್ಲರು. ಆದರೆ ಆ ಹಸಿದ ಹುಡುಗ ಹಂದಿಗಳ ಮೇವಿನಲ್ಲಿ ಆಸೆಯಿಂದ ನೋಡಿದ ಕಾಯಿ ಯಾವುದೆಂದು ನಾನು ಎಂದೂ ಯೋಚಿಸಿರಲಿಲ್ಲ. ಅದು ಆ ನಾಡಿನ ಕ್ಯಾರೋಬ್ ಮರದ ಕಾಯಿ, ನಮ್ಮ ಹುಣಸೆಯಂತೆ ಕಂದು ಬಣ್ಣದ್ದು, ಸಿಹಿ ತಿರುಳಿನದ್ದು. ಇಸ್ರಯೇಲರು ಕ್ಯಾರೋಬ್ ಕಾಯಿ ತಿನ್ನುವ ಸ್ಥಿತಿಗೆ ಬಂದಾಗ ಪಶ್ಚಾತ್ತಾಪ ಪಡುತ್ತಾರೆ ಎಂಬ ಮಾತು ಮುಂದಿನ ಕಾಲದ ರಬ್ಬಿಗಳ, ಅಂದರೆ ಯೆಹೂದ್ಯ ಧರ್ಮಗುರುಗಳ, ಬರಹದಲ್ಲಿದೆ. ಉಪವಾಸದ ದಿನ ಇದನ್ನು ಓದಿದಾಗ ಖಾಲಿ ಹೊಟ್ಟೆಯ ಸಂಕಟ ನನಗೆ ಬೇರೆಯದೇ ಆಗಿ ಕಂಡಿತು.

ಮುಂದೆ, ಮನೆಗೆ ಹಿಂತಿರುಗುತ್ತಿರುವ ಮಗನನ್ನು ದೂರದಲ್ಲೇ ಕಂಡು ತಂದೆ ಓಡುತ್ತಾನೆ. ಘನತೆಯುಳ್ಳ ಯಜಮಾನರು ಆ ಕಾಲದಲ್ಲಿ ಓಡುತ್ತಿರಲಿಲ್ಲ ಎಂದು ಪ್ರಬೋಧನೆಗಳಲ್ಲಿ ಕೇಳಿದ್ದೇವೆ. ನನಗೆ ಅದಕ್ಕಿಂತ ಹೆಚ್ಚು ತಾಕುವುದು ಆದಿಕಾಂಡದ 33ನೆಯ ಅಧ್ಯಾಯ: ಮೋಸಹೋದ ಅಣ್ಣ ಏಸಾವನು ಯಕೋಬನೆದುರಿಗೆ ಓಡಿಬಂದು, ಕೊರಳನ್ನು ಅಪ್ಪಿಕೊಂಡು ಮುದ್ದಿಟ್ಟನು. ತೋಬಿತನ ಗ್ರಂಥದಲ್ಲಿಯೂ ತಾಯಿ ಓಡಿಬಂದು ಮಗನನ್ನು ತಬ್ಬಿಕೊಳ್ಳುತ್ತಾಳೆ, ಕುರುಡ ತಂದೆ ಎಡವುತ್ತಲೇ ಬಾಗಿಲಿನಿಂದ ಹೊರಗೆ ಬರುತ್ತಾನೆ. ನಮ್ಮ ಅಜ್ಜಿ ಇವುಗಳನ್ನು ಹೋಲಿಸಿ ನೋಡಿದವರಲ್ಲ. ಆದರೆ ಈ ವಾಚನ ಬಂದಾಗಲೆಲ್ಲ ಅವರು, "ವಯಸ್ಸಾದೋನು ಅಷ್ಟು ದೂರ ಓಡಿದ್ರೆ ಮಾತೆಲ್ಲಿ ಬರುತ್ತೆ ಮಗ? ಉಸಿರೇ ಸಿಕ್ಕಿರಲ್ಲ. ಅದಕ್ಕೇ ತಬ್ಬಿಕೊಂಡ" ಎನ್ನುತ್ತಿದ್ದರು. ತಂದೆ ಕಿರಿಯ ಮಗನೊಡನೆ ನೇರವಾಗಿ ಒಂದು ಮಾತನ್ನೂ ಆಡುವುದಿಲ್ಲ; ಉಡುಪು, ಉಂಗುರ, ಪಾದರಕ್ಷೆ ತನ್ನಿರೆಂದು ಆಳುಗಳಿಗೆ ಹೇಳುತ್ತಾನೆ. ಇದನ್ನು ಗಮನಿಸಿದಂದಿನಿಂದ, ಮಗನ ಹೆಗಲ ಮೇಲೆ ಬಿದ್ದ ಆ ಮುದುಕನ ಏದುಸಿರು, ಅದರ ಬಿಸಿ, ಅದರ ಸದ್ದು, ಇಡೀ ಸಾಮತಿಯನ್ನೇ ತುಂಬಿಕೊಂಡಂತೆ ನನಗೆ ಅನಿಸುತ್ತದೆ. ಪಾಪನಿವೇದನೆಗೆ ಮೊಣಕಾಲೂರಿದಾಗ ನಾನು ಕೇಳಬಯಸುವುದು ಅದನ್ನೇ.

ನನಗೆ ನೋವು ತರುವ ಸಂಗತಿಯೊಂದನ್ನು ಹೇಳಲೇಬೇಕು. ಯೆಹೂದ್ಯರ ದೇವರು ಕಠಿಣ ನ್ಯಾಯಾಧೀಶ, ಕರುಣಾಳು ತಂದೆಯನ್ನು ಮೊದಲು ತೋರಿಸಿದ್ದು ಈ ಸಾಮತಿ ಎಂದು ಇಂದಿಗೂ ಕೆಲವರು ಬೋಧಿಸುತ್ತಾರೆ. ತಂದೆ ಮಕ್ಕಳನ್ನು ಕನಿಕರಿಸುವಂತೆ ದೇವರು ಕನಿಕರಿಸುವರೆಂದು ಅದೇ ದಿನ ನಾವು ಹಾಡುವ 103ನೆಯ ಕೀರ್ತನೆ ಹೇಳುತ್ತದಲ್ಲವೇ? ಪೆಸಿಕ್ತಾ ರಬ್ಬಾತಿ ಎಂಬ ಯೆಹೂದ್ಯ ಸಂಕಲನದಲ್ಲಿಯೂ ಒಂದು ಕಥೆ ಇದೆ: ನೂರು ದಿನಗಳ ಹಾದಿಯಷ್ಟು ದೂರ ಹೋದ ರಾಜಕುಮಾರ ಹಿಂತಿರುಗಲು ಶಕ್ತಿಯಿಲ್ಲವೆಂದಾಗ, ನಿನ್ನಿಂದಾದಷ್ಟು ದೂರ ಬಾ, ಉಳಿದ ಹಾದಿಯನ್ನು ನಾನೇ ಬರುತ್ತೇನೆ ಎಂದು ತಂದೆ ಹೇಳಿಕಳಿಸುತ್ತಾನೆ. ಯೇಸುಸ್ವಾಮಿ ತೋರಿಸಿದ್ದು ಅವರ ಪೂರ್ವಜರು ಮೊರೆಯಿಟ್ಟ ತಂದೆಯನ್ನೇ. ಶನಿವಾರದ ಮೊದಲನೆಯ ವಾಚನ ಪ್ರವಾದಿ ಮೀಕನ ಕೊನೆಯ ವಚನಗಳು. ನಮ್ಮ ಪಾಪಗಳನ್ನೆಲ್ಲ ದೇವರು ಕಡಲಿನ ಆಳಕ್ಕೆ ಎಸೆಯುವರೆಂಬ ಆ ಭರವಸೆಯನ್ನು ಯೆಹೂದ್ಯರು ಪಾಪಪರಿಹಾರದ ದಿನವಾದ ಯೋಮ್ ಕಿಪ್ಪೂರ್ ಉಪವಾಸದ ಮಧ್ಯಾಹ್ನ ಯೋನನ ಗ್ರಂಥದೊಡನೆ ಓದುತ್ತಾರೆ. ನಮ್ಮಲ್ಲಿ ಹಲವರು ಮೊದಲನೆಯ ವಾಚನ ಮುಗಿದ ಮೇಲೆ ದೇವಾಲಯಕ್ಕೆ ಬರುವುದನ್ನು ರೂಢಿ ಮಾಡಿಕೊಂಡಿದ್ದಾರೆ. ಮೀಕನನ್ನು ಕೇಳದವರಿಗೆ ಲೂಕ ಅರ್ಧ ಮಾತ್ರ ದಕ್ಕುತ್ತಾನೆ.

ತಮ್ಮನಿಗಾಗಿ ಮಾಡಿದ ಔತಣಕ್ಕೆ ಒಳಬರದೆ ಮುನಿದು ನಿಂತ ಹಿರಿಯ ಮಗನನ್ನು ಯೆಹೂದ್ಯರೆಂದು ಬಗೆದು ದೂಷಿಸಿದ ವ್ಯಾಖ್ಯಾನಗಳೂ ಹಿಂದಿನಿಂದ ಬಂದಿವೆ. ಆದರೆ ತಂದೆ ಅವನಿಗಾಗಿಯೂ ಹೊರಗೆ ಬಂದು, ನನ್ನದೆಲ್ಲ ನಿನ್ನದೇ ಎನ್ನುತ್ತಾನೆ. ಆ ಮಾತನ್ನು ಎಲ್ಲಿಯೂ ಹಿಂತೆಗೆದುಕೊಂಡಿಲ್ಲ. 1986ರ ಏಪ್ರಿಲ್ 13ರಂದು ರೋಮಿನ ಯೆಹೂದ್ಯರ ಪ್ರಾರ್ಥನಾಮಂದಿರವಾದ ಸಿನಗಾಗ್‌ಗೆ ಹೋದ ಎರಡನೆಯ ಜಾನ್ ಪೌಲ್ ಜಗದ್ಗುರುಗಳು (ಪೋಪ್) ಯೆಹೂದ್ಯರನ್ನು ಒಂದು ರೀತಿಯಲ್ಲಿ ನಮ್ಮ ಹಿರಿಯ ಸಹೋದರರೆಂದು ಪ್ರೀತಿಯಿಂದ ಕರೆದರು. ಪವಿತ್ರ ಶುಕ್ರವಾರದ ಮಹಾಪ್ರಾರ್ಥನೆಗಳಲ್ಲಿ, ದೇವರು ಮೊದಲು ಮಾತನಾಡಿದ ಆ ಜನರಿಗಾಗಿ ಪ್ರಾರ್ಥಿಸೋಣ ಎಂದು ಗುರುಗಳು ಕರೆಕೊಟ್ಟಾಗ, ಈ ವರ್ಷ ನಾನು ಆ ಅಣ್ಣನನ್ನು ನೆನೆದು, ಅವನ ಮನೆಯ ಕಥೆಗಳಿಂದ ನಾನು ಪಡೆದದ್ದಕ್ಕಾಗಿ ವಂದನೆ ಸಲ್ಲಿಸುತ್ತೇನೆ.