ಕುದುರೆಗಾಡಿ ಕಲಿಕೆ: ಹನ್ನೆರಡನೆಯ ವಾರದ ದಾಖಲೆ

ಕುದುರೆಗಾಡಿ ಹೊಡೆಯುವುದನ್ನು ಕಲಿಯತೊಡಗಿ ಇಂದಿಗೆ ಹನ್ನೆರಡು ವಾರಗಳಾದವು. ಈ ಅವಧಿಯಲ್ಲಿ ನಾನು ಗಾಡಿಯ ಮೇಲೆ ಕುಳಿತದ್ದಕ್ಕಿಂತ ಸಜ್ಜಿನ ಪಟ್ಟಿಗಳನ್ನು ಬಿಡಿಸಿ, ಒರೆಸಿ, ಮತ್ತೆ ಜೋಡಿಸಿದ್ದೇ ಹೆಚ್ಚು. ಮೊದಮೊದಲು ಇದು ಕಾಲಹರಣವೆನಿಸಿತ್ತು. ಯಾವ ಪಟ್ಟಿ ಯಾವ ಭಾರವನ್ನು ಹೊರುತ್ತದೆ ಎಂಬುದು ತಿಳಿಯದೆ ಲಗಾಮು ಹಿಡಿದರೆ ಏನಾಗುತ್ತದೆಂದು ಏಳನೆಯ ವಾರದಲ್ಲಿ ಅರಿವಾದ ಮೇಲೆ ಆ ಭಾವನೆ ಹೋಯಿತು.

ಮೊದಲ ಮೂರು ವಾರ ಗಾಡಿಯೇ ಇರಲಿಲ್ಲ. ಉದ್ದ ಲಗಾಮು ಹಿಡಿದು ಕುದುರೆಯ ಹಿಂದೆ, ಅದರ ಒದೆತಕ್ಕೆ ಸಿಗದಷ್ಟು ದೂರದಲ್ಲಿ ನಡೆಯುವುದು, ನಿಲ್ಲಿಸುವುದು, ತಿರುಗಿಸುವುದು, ಇಷ್ಟೇ ಪಾಠ. ಉಳಿದ ಹೊತ್ತಿನಲ್ಲಿ ರಾಟೆಗಳ ಮೇಲೆ ಹಾದು ತೂಕ ಕಟ್ಟಿಕೊಂಡಿದ್ದ ಎರಡು ಲಗಾಮುಗಳನ್ನು ಹಿಡಿದು ಕೈ ಪಳಗಿಸಿಕೊಂಡೆ. ನಮಗೆ ಕಲಿಸುತ್ತಿರುವುದು ಜರ್ಮನಿಯ ಬೆನ್ನೋ ಫಾನ್ ಆಖೆನ್‌ಬಾಖ್ (1861–1936) ರೂಪಿಸಿದ ಪದ್ಧತಿ. ಅವರು ಪ್ಯಾರಿಸ್‌ನಲ್ಲಿದ್ದ ಇಂಗ್ಲಿಷ್ ಸಾರಥಿ ಎಡ್ವಿನ್ ಹೌಲೆಟ್ ಅವರಿಂದ ಕಲಿತದ್ದನ್ನು ಒಂದು ಶಿಸ್ತಿಗೆ ತಂದರು. ಇದರಲ್ಲಿ ಎರಡೂ ಲಗಾಮುಗಳು ಎಡಗೈಯಲ್ಲಿರುತ್ತವೆ. ಎಡ ಲಗಾಮು ತೋರುಬೆರಳಿನ ಮೇಲಿನಿಂದ, ಬಲ ಲಗಾಮು ನಡುಬೆರಳಿನ ಕೆಳಗಿನಿಂದ ಅಂಗೈಗೆ ಬರುತ್ತದೆ. ಚಾವಟಿ ಹಿಡಿದ ಬಲಗೈ ಬೇಕಾದಾಗ ಮುಂದೆ ಬಂದು ನೆರವಾಗುತ್ತದೆ. ತಿರುವಿನಲ್ಲಿ ಒಳಗಿನ ಲಗಾಮನ್ನು ಎಳೆಯುವುದಕ್ಕಿಂತ ಹೊರಗಿನದನ್ನು ಬಿಟ್ಟುಕೊಡುವುದು ಮುಖ್ಯ ಎಂಬ ಮಾತು ಕೇಳಲು ಸುಲಭವಾಗಿದ್ದರೂ ನನ್ನ ಕೈ ಅದನ್ನು ಇನ್ನೂ ಪೂರ್ತಿ ಒಪ್ಪಿಕೊಂಡಿಲ್ಲ.

ನಾಲ್ಕನೆಯ ವಾರದಿಂದ ಸಜ್ಜಿನ ಪಾಠ ಆರಂಭವಾಯಿತು. ಕುದುರೆ ಗಾಡಿಯನ್ನು ಎಳೆಯುತ್ತದೆ ಎನ್ನುವುದು ರೂಢಿಯ ಮಾತು. ನಿಜವಾಗಿ ಅದು ಕಾಲರ್ ಅನ್ನು, ಅಂದರೆ ಕೊರಳಿಗೋ ಎದೆಗೋ ಹಾಕುವ ಪಟ್ಟಿಯನ್ನು, ತನ್ನ ಭುಜಗಳಿಂದ ಮುಂದಕ್ಕೆ ತಳ್ಳುತ್ತದೆ, ಆ ಒತ್ತಡ ಎರಡು ಬದಿಯ ಎಳೆಪಟ್ಟಿಗಳ ಮೂಲಕ ಗಾಡಿಗೆ ತಲುಪುತ್ತದೆ. ನಮ್ಮ ಹಗುರ ಗಾಡಿಗೆ ಎದೆಯ ಮೇಲೆ ಅಡ್ಡಲಾಗಿ ಕೂರುವ ಎದೆಪಟ್ಟಿ ಸಾಕು. ಅದು ಮೇಲೇರಿದರೆ ಶ್ವಾಸನಾಳವನ್ನು ಒತ್ತುತ್ತದೆ, ಕೆಳಗಿಳಿದರೆ ಭುಜದ ಕೀಲಿನ ಚಲನೆಗೆ ಅಡ್ಡವಾಗುತ್ತದೆ. ಭಾರವಾದ ಗಾಡಿಗಾದರೆ ಒತ್ತಡವನ್ನು ಹೆಚ್ಚು ವಿಸ್ತಾರಕ್ಕೆ ಹಂಚುವ ಕೊರಳ ಕಾಲರ್ ಬೇಕು, ಆದರೆ ಅದು ಆಯಾ ಕುದುರೆಯ ಕೊರಳಿಗೆ ಅಳತೆಯಾಗಿ ಕೂರಬೇಕು. ಎಳೆಪಟ್ಟಿಗಳ ತುದಿಗಳನ್ನು ಸಿಕ್ಕಿಸುವ ಅಡ್ಡ ಮರ, ಅಂದರೆ ಸ್ವಿಂಗಲ್‌ಟ್ರೀ, ನಡುವಿನ ತಿರುಗಣೆಯ ಮೇಲೆ ಯಾಕೆ ಅಲುಗಾಡುತ್ತದೆ ಎಂದು ನಾನು ಕೇಳಿದ್ದೆ. ಕುದುರೆಯ ಭುಜಗಳು ಒಂದಾದ ಮೇಲೊಂದು ಮುಂದೆ ಬರುತ್ತವೆ. ಮರ ಆ ಲಯಕ್ಕೆ ತಕ್ಕಂತೆ ಅತ್ತಿತ್ತ ತೂಗದಿದ್ದರೆ ಎದೆಪಟ್ಟಿ ಚರ್ಮವನ್ನು ಉಜ್ಜಿ ಹುಣ್ಣು ಮಾಡುತ್ತದೆ. ಇಡೀ ಸಜ್ಜಿನಲ್ಲಿ ನನಗೆ ಅತ್ಯಂತ ಜಾಣತನದ ವಸ್ತುವೆನಿಸಿದ್ದು ಈ ಸಾಧಾರಣ ಮರದ ತುಂಡು.

ಕಡಿವಾಣ ಮತ್ತು ಕಣ್ಣುಪಟ್ಟಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕಣ್ಣುಪಟ್ಟಿ ರೆಪ್ಪೆಗೂದಲಿಗೆ ತಗುಲಬಾರದು. ಕುದುರೆ ಗಾಡಿಗೆ ಕಟ್ಟಿಕೊಂಡಿರುವಾಗ ಅದರ ತಲೆಯ ಸಜ್ಜನ್ನು ಯಾವ ಕಾರಣಕ್ಕೂ ತೆಗೆಯಬಾರದು. ಇವೆರಡನ್ನು ದಿನವೂ ಬಾಯಿಪಾಠದಂತೆ ಒಪ್ಪಿಸಬೇಕಾಗುತ್ತದೆ.

ಏಳನೆಯ ವಾರದ ತಪ್ಪು ಪೂರ್ತಿಯಾಗಿ ನನ್ನದು. ಕುದುರೆಯ ತೊಡೆಗಳ ಹಿಂದೆ ಸುತ್ತಿ ಬಂದು ಗಾಡಿಯಿಂದ ಮುಂದೆ ಚಾಚಿದ ಎರಡೂ ಬದಿಯ ಮೂಕಿಗಳಿಗೆ ಕಟ್ಟುವ ಹಿಂಪಟ್ಟಿಯನ್ನು, ಅಂದರೆ ಬ್ರೀಚಿಂಗ್ ಅನ್ನು, ಕುದುರೆಗೆ ಹಾಯಾಗಿರಲೆಂದು ಎರಡು ತೂತು ಸಡಿಲ ಬಿಟ್ಟಿದ್ದೆ. ಗಾಡಿಯನ್ನು ನಿಲ್ಲಿಸುವುದು ಲಗಾಮು ಎಂಬುದು ಅಲ್ಲಿಯವರೆಗಿನ ನನ್ನ ತಿಳಿವಳಿಕೆ. ಬ್ರೇಕಿಲ್ಲದ ನಮ್ಮ ಎರಡು ಗಾಲಿಯ ಗಾಡಿ ಸಣ್ಣ ಇಳಿಜಾರಿನಲ್ಲಿ ತನ್ನಷ್ಟಕ್ಕೆ ಮುಂದೆ ಜಾರಿತು, ಸ್ವಿಂಗಲ್‌ಟ್ರೀ ಕುದುರೆಯ ಹಿಂಗಾಲಿಗೆ ಬಡಿಯಿತು, ಕುದುರೆ ಗಾಬರಿಯಿಂದ ಚಿಮ್ಮಿತು. ಲಗಾಮು ಕುದುರೆಗೆ ನಿಲ್ಲೆಂದು ಹೇಳಬಲ್ಲದೇ ಹೊರತು ಗಾಡಿಗೆ ಹೇಳಲಾರದು. ಗಾಡಿಯ ಭಾರವನ್ನು ತಡೆಯುವುದು ಹಿಂಪಟ್ಟಿಗೆ ಒರಗುವ ಕುದುರೆಯ ಹಿಂಭಾಗ. ಪಕ್ಕದಲ್ಲಿ ಕುಳಿತಿದ್ದ ಗುರುಗಳು ಮೆಲ್ಲನೆ ಮಾತನಾಡುತ್ತ ಕುದುರೆಯನ್ನು ಸಮಾಧಾನಪಡಿಸಿದರು. ನನಗೆ ಅವರು ಏನನ್ನೂ ಹೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು.

ಅಂದಿನಿಂದ ಅಳತೆಯನ್ನು ಕೈಯಿಂದಲೇ ನೋಡುತ್ತೇನೆ. ಎಳೆಪಟ್ಟಿಗಳು ಬಿಗಿಯಾಗಿರುವಾಗ ಹಿಂಪಟ್ಟಿಗೂ ತೊಡೆಗೂ ನಡುವೆ ಒಂದು ಅಂಗೈಯ ಅಗಲದಷ್ಟು ಜಾಗವಿರಬೇಕು. ಪಟ್ಟಿ ತೀರ ಮೇಲಿದ್ದರೆ ಬಾಲದ ಕೆಳಗೆ ಸರಿಯುತ್ತದೆ, ತೀರ ಕೆಳಗಿದ್ದರೆ ಕಾಲನ್ನೇ ಹಿಂದಿನಿಂದ ಸೆಳೆದಂತಾಗುತ್ತದೆ. ಕಟ್ಟುವ ಕ್ರಮವನ್ನೂ ಈಗ ಕಾರಣಸಹಿತ ಬಲ್ಲೆ: ಮೂಕಿಗಳನ್ನು ಟಗ್‌ಗಳಿಗೆ, ಅಂದರೆ ಅವನ್ನು ಹಿಡಿದಿಡುವ ಸಜ್ಜಿನ ಕುಣಿಕೆಗಳಿಗೆ, ಸೇರಿಸಿದ ಮೇಲೆ ಮೊದಲು ಎಳೆಪಟ್ಟಿ, ಆಮೇಲೆ ಹಿಂಪಟ್ಟಿ. ಬಿಚ್ಚುವಾಗ ಹಿಂಪಟ್ಟಿ ಮೊದಲು, ಎಳೆಪಟ್ಟಿ ಕೊನೆಗೆ. ನಡುವೆ ಕುದುರೆ ಒಂದು ಹೆಜ್ಜೆ ಮುಂದಿಟ್ಟರೆ ಗಾಡಿಯನ್ನು ಅದರ ಹಿಂಪಟ್ಟಿಯೊಂದೇ ಎಳೆದುಕೊಂಡು ಹೋಗುವ ಸ್ಥಿತಿ ಬರಬಾರದು.

ಒಂಬತ್ತನೆಯ ಮತ್ತು ಹತ್ತನೆಯ ವಾರಗಳು ಸಮತೋಲಕ್ಕೆ ಮುಡಿಪಾದವು. ಎರಡು ಗಾಲಿಯ ಗಾಡಿಯಲ್ಲಿ ನಾನು ಹಿಂದಕ್ಕೆ ಕುಳಿತರೆ ಮೂಕಿಗಳು ಮೇಲೆದ್ದು ಹೊಟ್ಟೆಪಟ್ಟಿಯನ್ನು ಬಿಗಿಯುತ್ತವೆ, ಮುಂದಕ್ಕೆ ಕುಳಿತರೆ ನನ್ನ ಭಾರ ಕುದುರೆಯ ಬೆನ್ನ ಮೇಲೆ ಬೀಳುತ್ತದೆ. ಸಮತಟ್ಟಾದ ನೆಲದಲ್ಲಿ ಓಡುವಾಗ ಮೂಕಿಗಳು ಟಗ್‌ಗಳೊಳಗೆ ತೇಲಿದಂತೆ ಲಘುವಾಗಿ ಆಡುತ್ತಿರಬೇಕು. ನಮ್ಮ ಗಾಡಿಯ ಪೀಠ ಹಳಿಯ ಮೇಲೆ ಸರಿಯುವಂಥದ್ದು. ನಾನೊಬ್ಬನೇ ಕುಳಿತಾಗ ಒಂದು ಗುರುತು, ಇಬ್ಬರಾದಾಗ ಇನ್ನೊಂದು ಗುರುತು ಎಂದು ಸುಣ್ಣದ ಕಡ್ಡಿಯಲ್ಲಿ ಗೆರೆ ಎಳೆದಿದ್ದೇನೆ.

ಈ ವಾರ ಶಂಕುಗಳ ಅಭ್ಯಾಸ. ಸ್ಪರ್ಧೆಗಳಲ್ಲಿ ಅಂಗಳದೊಳಗೆ ನಿಗದಿತ ಚಲನೆಗಳನ್ನು ತೋರಿಸುವ ಡ್ರೆಸ್ಸಾಜ್, ಅಡೆತಡೆಗಳಿರುವ ದೂರದ ಹಾದಿಯ ಮ್ಯಾರಥಾನ್ ಎಂಬ ಹಂತಗಳ ಜೊತೆಗೆ ಶಂಕುಗಳ ನಡುವೆ ಗಾಡಿ ದಾಟಿಸುವ ಹಂತವೂ ಇದೆ. ಶಂಕುವಿನ ಮೇಲಿಟ್ಟ ಚೆಂಡು ಉರುಳಿದರೆ ದಂಡ. ಹತ್ತು ಜೋಡಿಗಳಲ್ಲಿ ನಾನು ನಾಲ್ಕು ಚೆಂಡುಗಳನ್ನು ಉರುಳಿಸಿದೆ, ನಾಲ್ಕೂ ತಿರುವಿನ ಒಳಬದಿಯವು. ಕುದುರೆ ದಾಟಿದೊಡನೆ ಗಾಲಿಯೂ ದಾಟಿತೆಂದು ಭಾವಿಸಿ ಬೇಗ ತಿರುಗಿಸುತ್ತಿದ್ದೇನೆ.

ನಿನ್ನೆ ಸಂಜೆ ಅದೇ ಇಳಿಜಾರಿಗೆ ಮರಳಿ ಹೋದೆವು. ಇಳಿಯುವ ಮುನ್ನ ನಡಿಗೆಗೆ ತಂದೆ. ಎಳೆಪಟ್ಟಿಗಳು ಸಡಿಲಗೊಂಡು ಜೋತವು, ಹಿಂಪಟ್ಟಿ ತೊಡೆಗೆ ಒತ್ತಿಕೊಂಡಿತು, ಕುದುರೆ ಹಿಂಗಾಲುಗಳನ್ನು ಸ್ವಲ್ಪ ಒಳಗೆ ತಂದು ಗಾಡಿಯನ್ನು ತಡೆದು ಹಿಡಿದುಕೊಂಡು ಕೆಳಗಿನವರೆಗೂ ನಡೆಯಿತು. ಸ್ವಿಂಗಲ್‌ಟ್ರೀಗೂ ಅದರ ಕಾಲಿಗೂ ನಡುವಿನ ಅಂತರವನ್ನೇ ನಾನು ಉದ್ದಕ್ಕೂ ನೋಡುತ್ತಿದ್ದೆನಾದ್ದರಿಂದ, ಮುಂದೆ ನೋಡಬೇಕೆಂದು ಗುರುಗಳಿಂದ ಎರಡು ಸಲ ಹೇಳಿಸಿಕೊಂಡೆ.