ಪಾರ್ಸೆಲ್ ಬರುವುದಿತ್ತು, ಅದಕ್ಕೇ ನಂಬಿದೆ

ಹೋದ ವರ್ಷ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಒಂದು ಮೆಸೇಜ್ ಬಂತು. ವಿಳಾಸ ಸರಿ ಇಲ್ಲ, ಪಾರ್ಸೆಲ್ ನಿಂತಿದೆ, 12 ಗಂಟೆಯೊಳಗೆ ಸರಿ ಮಾಡಿ ಅಂತ. ಬೇರೆ ದಿನ ಆಗಿದ್ದರೆ ಓದದೇ ಅಳಿಸಿಬಿಡುತ್ತಿದ್ದೆ. ಆದರೆ ಆವತ್ತು ನಿಜಕ್ಕೂ ಮೂರು ಪಾರ್ಸೆಲ್ ಬರಬೇಕಿತ್ತು, ಅದರಲ್ಲಿ ಒಂದು ಆಗಲೇ ತಡವಾಗಿತ್ತು. ಲಿಂಕ್ ಒತ್ತಿದೆ.

ಪುಟ ಅಸಲಿಯಂತೆಯೇ ಇತ್ತು. ಲೋಗೋ, ಬಣ್ಣ, ಕೆಳಗೆ ಯಾರೂ ಓದದ ಸಣ್ಣಕ್ಷರದ ನಿಯಮಗಳು, ಎಲ್ಲ. ವಿಳಾಸ ತುಂಬಿದೆ. ಮತ್ತೆ ತಂದುಕೊಡಲು ಒಂದಿಷ್ಟು ಚಿಲ್ಲರೆ ಶುಲ್ಕ ಕಟ್ಟಿ ಅಂದಿತು, ಇಷ್ಟೇ ತಾನೇ ಅಂತ ಕಾರ್ಡಿನ ಹಿಂಬದಿಯ ಮೂರು ಅಂಕಿಯವರೆಗೂ ಟೈಪ್ ಮಾಡಿಬಿಟ್ಟೆ. ಓಟಿಪಿ ಬಂತು. ಅದರಲ್ಲಿ ಶುಲ್ಕದ ಮಾತೇ ಇರಲಿಲ್ಲ, ನಿಮ್ಮ ಕಾರ್ಡನ್ನು ಹೊಸ ಫೋನಿನ ವಾಲೆಟ್‌ಗೆ ಸೇರಿಸಲು ಈ ಸಂಖ್ಯೆ ಅಂತ ಬರೆದಿತ್ತು. ಯಾವ ಫೋನು? ನಾನು ಫೋನ್ ತಗೊಂಡೇ ಇಲ್ಲವಲ್ಲ!

ಅವರಿಗೆ ಆ ಚಿಲ್ಲರೆ ಬೇಕಾಗಿರಲೇ ಇಲ್ಲ. ನಾನು ಓಟಿಪಿ ಹಾಕಿದ್ದರೆ ನನ್ನ ಕಾರ್ಡ್ ಅವರ ಫೋನಿನಲ್ಲಿ ಕೂತಿರುತ್ತಿತ್ತು, ಆಮೇಲೆ ಯಾವ ಅಂಗಡಿಯಲ್ಲಾದರೂ ಫೋನ್ ಮುಟ್ಟಿಸಿ ಸಾಮಾನು ಕೊಳ್ಳಬಹುದಿತ್ತು. ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ಕರೆ ಮಾಡಿ ತಕ್ಷಣ ಬ್ಲಾಕ್ ಮಾಡಿಸಿದೆ. ಆ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲೂ ನಕಲಿ ಕಸ್ಟಮರ್ ಕೇರ್ ನಂಬರ್ ಹಾಕಿಕೊಂಡು ಕೂತಿರುತ್ತಾರೆ.

ದುರಾಸೆ ಇದ್ದವರೇ ಮೋಸ ಹೋಗುತ್ತಾರೆ ಅನ್ನುವವರ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ನನಗೆ ಯಾವ ಆಸೆ ಇತ್ತು? ನನ್ನದೇ ದುಡ್ಡಿನ ಪಾರ್ಸೆಲ್ ಬಂದರೆ ಸಾಕಿತ್ತು. ಅವರು ಒಂದೇ ಮೆಸೇಜನ್ನು ಸಾವಿರಾರು ಜನಕ್ಕೆ ಸುಮ್ನೆ ಎಸೆಯುತ್ತಾರೆ, ಹಬ್ಬದ ಹೊತ್ತಿಗೆ ಎಲ್ಲರೂ ಏನೋ ಒಂದಕ್ಕೆ ಕಾಯುತ್ತಿರುತ್ತಾರೆ, ಹಾಗಾಗಿ ಕುರುಡು ಕಲ್ಲೂ ಗುರಿ ಮುಟ್ಟುತ್ತದೆ.

ಆಮೇಲೆ ತಣ್ಣಗೆ ಕೂತು ಆ ಲಿಂಕ್ ನೋಡಿದೆ. ಮೊದಲು ಕೊರಿಯರ್ ಕಂಪನಿಯ ಹೆಸರು, ಒಂದು ಚುಕ್ಕಿ, ಆಮೇಲೆ ಏನೋ ಅಡ್ಡಾದಿಡ್ಡಿ ಅಕ್ಷರಗಳು, ಡಾಟ್ ಟಾಪ್. ನಾವು ಎಡದಿಂದ ಓದುತ್ತೇವೆ, ಪರಿಚಯದ ಹೆಸರು ಕಂಡ ಕೂಡಲೇ ನಿಲ್ಲಿಸುತ್ತೇವೆ ಅಲ್ವಾ? ಆದರೆ ವೆಬ್ ವಿಳಾಸದ ಒಡೆಯ ಯಾರು ಅಂತ ಗೊತ್ತಾಗುವುದು ಮೊದಲ ಒಂಟಿ ಓರೆಗೆರೆಗಿಂತ (/) ಮುಂಚೆ, ಡಾಟ್ ಕಾಮ್, ಡಾಟ್ ಟಾಪ್ ಇಂಥವುಗಳ ಎಡಪಕ್ಕದಲ್ಲೇ ಇರುವ ಪದದಿಂದ. ಅದರ ಎಡಕ್ಕೆ ಆ ಒಡೆಯ ಏನು ಬೇಕಾದರೂ ಬರೆದುಕೊಳ್ಳಬಹುದು. ವಿಳಾಸದ ಪಕ್ಕ ಬೀಗದ ಗುರುತು ಇತ್ತಲ್ಲ ಅನ್ನಬೇಡಿ. ಬೀಗ ಅಂದರೆ ನೀವು ಕಳಿಸುವುದನ್ನು ದಾರಿಯಲ್ಲಿ ಬೇರೆಯವರು ಓದಲಾರರು ಅಂತ ಅಷ್ಟೇ, ಕಳ್ಳನಿಗೇ ಕಳಿಸಿದರೆ ಅದೂ ಭದ್ರವಾಗಿ ತಲುಪುತ್ತದೆ. ಜನ ತಪ್ಪು ತಿಳಿಯುತ್ತಾರೆ ಅಂತಲೇ ಕ್ರೋಮ್ ಬ್ರೌಸರ್ 2023ರಲ್ಲಿ ಆ ಬೀಗದ ಚಿತ್ರವನ್ನು ತೆಗೆಯಿತು.

ಇನ್ನು "ಆಫರ್ ಮುಗಿಯಲು 9 ನಿಮಿಷ" ಅಂತ ಓಡುವ ಗಡಿಯಾರ. ಪುಟವನ್ನು ರೀಲೋಡ್ ಮಾಡಿ ನೋಡಿ, ಎಷ್ಟೋ ಕಡೆ ಮತ್ತೆ ಮೊದಲಿಂದ ಶುರುವಾಗುತ್ತದೆ. ಬಾಸ್ ಹೆಸರಲ್ಲಿ ಯಾರಾದರೂ ಗಿಫ್ಟ್ ಕಾರ್ಡ್ ಕೊಂಡು ನಂಬರ್ ಕಳಿಸು ಅಂದರೆ, ಬಾಸಿಗೇ ಫೋನ್ ಮಾಡಿ ಕೇಳಿ. ಬೈಸಿಕೊಂಡರೂ ಪರವಾಗಿಲ್ಲ.

ವಾರದ ನಂತರ ಹೊಸ ಕಾರ್ಡ್ ಹೊರಟಿದೆ, ಎಲ್ಲಿದೆ ಅಂತ ಇಲ್ಲಿ ನೋಡಿ ಅಂತ ಲಿಂಕ್ ಸಮೇತ ಮೆಸೇಜ್ ಬಂತು. ಅದು ಅಸಲಿಯೇ ಆಗಿತ್ತು. ಆದರೂ ಒತ್ತಲಿಲ್ಲ, ಬ್ಯಾಂಕಿನ ಆ್ಯಪ್ ತೆರೆದು ಅಲ್ಲೇ ನೋಡಿಕೊಂಡೆ.