ಚೀಲ ಕೈಯಿಂದ ಕೈಗೆ ಹೋಗದ ವರ್ಷ

ಯೇಸು ಶಿಷ್ಯರ ಪಾದ ತೊಳೆದದ್ದನ್ನು ನೆನೆಯುವ ಪವಿತ್ರ ಗುರುವಾರದ ಪೂಜೆಯಲ್ಲಿ ಪಾದ ತೊಳೆಸಿಕೊಳ್ಳಲು ಆಯ್ಕೆಯಾದ ಹನ್ನೆರಡು ಮಂದಿಯೂ ಮನೆಯಲ್ಲೇ ಚೆನ್ನಾಗಿ ಉಜ್ಜಿ ತೊಳೆದುಕೊಂಡು ಚರ್ಚಿಗೆ ಬರುತ್ತಾರೆ. 2019ರಲ್ಲಿ ನಾನೂ ಅವರಲ್ಲೊಬ್ಬ. ಹಿಮ್ಮಡಿಯ ಬಿರುಕು ಗುರುಗಳಿಗೆ ಕಾಣಬಾರದೆಂದು ಹಿಂದಿನ ರಾತ್ರಿ ವ್ಯಾಸಲೀನ್ ಹಚ್ಚಿಕೊಂಡು ಮಲಗಿದ್ದೆ. ಮರುವರ್ಷ ಆ ವಿಧಿಯೇ ಇರಲಿಲ್ಲ. ಪಾದ ತೊಳೆಯುವುದನ್ನು ಕೈಬಿಡಬೇಕೆಂದು ರೋಮ್‌ನಿಂದ ಆದೇಶ ಬಂದಿತ್ತು. ಖಾಲಿ ಬೆಂಚುಗಳ ನಡುವೆ ನಿಲ್ಲಿಸಿದ ಮೊಬೈಲಿನ ಮುಂದೆ ಗುರುಗಳು ಸಂಜೆಯ ಪೂಜೆ ಅರ್ಪಿಸುವವರಿದ್ದರು. ಅಂದು 2020ರ ಏಪ್ರಿಲ್ 9. ನಾವು ನಾಲ್ಕೈದು ಜನ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು, ಮಕ್ಕಳಿಗೆ ಧರ್ಮೋಪದೇಶ ನಡೆಯುವ ಹಾಲ್‌ನಲ್ಲಿ ಅಕ್ಕಿ ತೂಗುತ್ತಿದ್ದೆವು.

ನಮ್ಮ ಧರ್ಮಕೇಂದ್ರ ಇರುವುದು ಬೆಂಗಳೂರಿನ ಪೀಣ್ಯದ ಕಡೆ. ಸುತ್ತಮುತ್ತ ಗಾರ್ಮೆಂಟ್ಸ್, ಲೇತ್ ಯಂತ್ರದ ಸಣ್ಣ ಶೆಡ್ಡುಗಳು, ಒಂದೇ ಕೋಣೆಯ ವಠಾರಗಳು. ಇಲ್ಲಿನ ಸಂತ ವಿನ್ಸೆಂಟ್ ದಿ ಪಾಲ್ ಸಭೆಗೆ ನಾನು ಕಾರ್ಯದರ್ಶಿ. ಹೆಸರು ದೊಡ್ಡದು, ಕೆಲಸ ಸಣ್ಣದು: ಕೆಲವು ಬಡ ಕುಟುಂಬಗಳಿಗೆ ತಿಂಗಳ ದಿನಸಿ, ಮಕ್ಕಳ ಫೀಸು, ಔಷಧದ ಖರ್ಚು. ಆದರೆ ಸಾಮಾನು ಕೊಟ್ಟು ಬಂದರೆ ನಮ್ಮ ಲೆಕ್ಕದಲ್ಲಿ ಕೆಲಸ ಮುಗಿದಂತಲ್ಲ. ಇಬ್ಬಿಬ್ಬರಾಗಿ ಮನೆಗೆ ಹೋಗಬೇಕು, ಒಳಗೆ ಕೂರಬೇಕು, ಅವರು ಹೇಳುವುದನ್ನು ಕೇಳಬೇಕು. 1833ರಲ್ಲಿ ಪ್ಯಾರಿಸ್‌ನಲ್ಲಿ ಇಪ್ಪತ್ತು ವರ್ಷದ ಫ್ರೆಡರಿಕ್ ಓಝಾನಾಮ್ ಗೆಳೆಯರೊಂದಿಗೆ ಈ ಸಭೆ ಕಟ್ಟಿದಾಗಿನಿಂದಲೂ ನಡೆದುಬಂದ ಕ್ರಮವಿದು. ಅದರ ಹಿಂದಿನ ವರ್ಷವಷ್ಟೇ ಆ ಊರಿನಲ್ಲಿ ಕಾಲರಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ರೋಗಿಗಳ ನಡುವೆ ಓಡಾಡಿದ್ದ ರೊಸಾಲಿ ರಂಡು ಎಂಬ ಕನ್ಯಾಸ್ತ್ರೀಯೇ ಈ ಹುಡುಗರಿಗೆ ಬಡವರ ಮನೆಯ ದಾರಿ ತೋರಿಸಿದ್ದು. ಸಾಂಕ್ರಾಮಿಕದ ಬೆನ್ನಿಗೆ ಹುಟ್ಟಿದ ಸಭೆ ನಮ್ಮದು. ಆದರೆ ನಮ್ಮ ಕಾಲದ ಸಾಂಕ್ರಾಮಿಕ ಬಂದಾಗ, ಮಾಡಬಾರದೆಂದು ಹೇಳಿದ ಮೊದಲ ಕೆಲಸವೇ ಇನ್ನೊಬ್ಬರ ಮನೆಯೊಳಗೆ ಹೋಗಿ ಕೂರುವುದು.

ಹಣದ್ದೂ ಅದೇ ಪಾಡು. ಪ್ರತಿ ಭಾನುವಾರ ಮೊದಲ ಪೂಜೆಯ ನಂತರ ನಮ್ಮ ಸಭೆ ಸೇರುತ್ತದೆ. ಪ್ರಾರ್ಥನೆ, ಭೇಟಿಯ ವರದಿ ಮುಗಿದ ಮೇಲೆ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಹೋಗುತ್ತದೆ. ಎಲ್ಲರೂ ಮುಷ್ಟಿ ಬಿಗಿದೇ ಕೈಯನ್ನು ಒಳಗೆ ಇಳಿಸುತ್ತಾರೆ. ಐನೂರು ಹಾಕಿದವರು ಯಾರು, ಹತ್ತು ಹಾಕಿದವರು ಯಾರು, ಏನೂ ಹಾಕದವರು ಯಾರು ಎಂದು ಪಕ್ಕದಲ್ಲಿ ಕುಳಿತವರಿಗೂ ತಿಳಿಯುವುದಿಲ್ಲ. ಅದಕ್ಕೇ ಅದನ್ನು ಗುಪ್ತ ಕಾಣಿಕೆ ಎನ್ನುತ್ತೇವೆ. ಇದಲ್ಲದೆ ಬಾಗಿಲ ಬಳಿ ಸಂತ ಅಂತೋಣಿಯವರ ಹುಂಡಿ ಇದೆ. ಮಂಗಳವಾರದ ಭಕ್ತರು ಬಡವರ ರೊಟ್ಟಿಗೆಂದು ಅದರಲ್ಲಿ ಹಾಕುತ್ತಾರೆ. ಎರಡೂ ನಡೆಯುವುದು ಜನ ಚರ್ಚಿಗೆ ಬಂದರೆ ಮಾತ್ರ. ಮಾರ್ಚ್ 22ರ ಜನತಾ ಕರ್ಫ್ಯೂ ಭಾನುವಾರವೇ ಬಿತ್ತು, 25ರಿಂದ ಲಾಕ್‌ಡೌನ್. ಅದು ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ, ವರ್ಷದಲ್ಲಿ ಜನ ಅತಿ ಹೆಚ್ಚು ದಾನ ಮಾಡುವ ಸಮಯ. ಹುಂಡಿಗೆ ಬೀಳುವುದು ನಿಂತಿತು, ದಿನಸಿ ಕೇಳುವವರು ಹತ್ತು ಪಾಲು ಹೆಚ್ಚಿದರು.

ಖಜಾಂಚಿಯ ಮೊಬೈಲ್ ಸಂಖ್ಯೆಯನ್ನು ಧರ್ಮಕೇಂದ್ರದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆವು. ಹಣ ಬಂತು, ನಾವು ಎಣಿಸಿದ್ದಕ್ಕಿಂತ ಹೆಚ್ಚೇ ಬಂತು. ಆದರೆ ಫೋನಿನಲ್ಲಿ ಬರುವ ಹಣ ಹೆಸರು ಹೊತ್ತುಕೊಂಡೇ ಬರುತ್ತದೆ. ಕೊಟ್ಟವರೊಬ್ಬರು ಉತ್ಸಾಹದಿಂದ ತಮ್ಮ ಪಾವತಿಯ ಚಿತ್ರವನ್ನು ಗುಂಪಿನಲ್ಲಿ ಹಂಚಿಕೊಂಡರು. ಅದರ ಕೆಳಗೆ ಕೈಮುಗಿದ ಗುರುತುಗಳ ಸಾಲು. ಸಂಜೆಯೊಳಗೆ ಇನ್ನೂ ನಾಲ್ಕಾರು ಚಿತ್ರಗಳು, ಒಂದಕ್ಕಿಂತ ಒಂದರ ಮೊತ್ತ ದೊಡ್ಡದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ತಪಸ್ಸುಕಾಲ ಶುರುವಾಗುವ ಪ್ರತಿ ವಿಭೂತಿ ಬುಧವಾರ ಕೇಳಿಸಿಕೊಂಡ ಜನವೇ ನಾವು. ಅವರ ಉದ್ದೇಶ ಕೆಟ್ಟದ್ದಾಗಿರಲಿಲ್ಲ ಎಂಬುದನ್ನು ಒಪ್ಪುತ್ತೇನೆ. ಒಬ್ಬರನ್ನು ನೋಡಿ ಇನ್ನೊಬ್ಬರು ಕೊಟ್ಟದ್ದೂ ನಿಜ.

ಮರುದಿನ ಬೆಳಿಗ್ಗೆ ನಮ್ಮ ಸಭೆಯ ಸದಸ್ಯರೊಬ್ಬರು ಗುಂಪಿನಿಂದ ಹೊರಗೆ ಹೋಗಿದ್ದರು. ಗಾರ್ಮೆಂಟ್ಸ್‌ನಲ್ಲಿ ಮೇಸ್ತ್ರಿಯಾಗಿದ್ದವರು. ಕಾರ್ಖಾನೆ ಮುಚ್ಚಿತ್ತು, ಸಂಬಳದ ಸುದ್ದಿ ಇರಲಿಲ್ಲ. ವರ್ಷಗಟ್ಟಲೆ ನನ್ನ ಎಡಕ್ಕೆ ಕುಳಿತು ಚೀಲದೊಳಗೆ ಮುಷ್ಟಿ ಇಳಿಸುತ್ತಿದ್ದ ಅವರು ಎಂದು ಎಷ್ಟು ಹಾಕಿದರೋ, ಕೈಯಲ್ಲಿ ಏನೂ ಇಲ್ಲದ ವಾರಗಳೆಷ್ಟಿದ್ದವೋ ನನಗೆ ಗೊತ್ತಿಲ್ಲ. ಗೊತ್ತಾಗಬೇಕಾದ ಅಗತ್ಯವೂ ಬಂದಿರಲಿಲ್ಲ. ಈಗ ಕೊಟ್ಟವರ ಹೆಸರುಗಳು ಕಾಣತೊಡಗಿದ ಮೇಲೆ, ಕೊಡದವರ ಹೆಸರು ತಾನಾಗಿಯೇ ಎದ್ದು ಕಾಣುತ್ತಿತ್ತು. ಖಜಾಂಚಿ ಮೃದು ಮನುಷ್ಯ, ನಿವೃತ್ತ ಬ್ಯಾಂಕ್ ಉದ್ಯೋಗಿ. ಅವರು ಗುಂಪಿನಲ್ಲಿ ಗಟ್ಟಿಯಾಗಿ ಬರೆದದ್ದನ್ನು ಅದೊಂದೇ ಸಲ ನೋಡಿದ್ದು: ಇನ್ನು ಮುಂದೆ ಯಾರೂ ಚಿತ್ರ ಹಾಕಬಾರದು, ಹಾಕಿದರೆ ಹಣ ವಾಪಸ್ ಕಳಿಸುತ್ತೇನೆ. ಚರ್ಚಿನ ಗೇಟಿನ ಹತ್ತಿರ ಒಂದು ತಗಡಿನ ಡಬ್ಬಿಯನ್ನೂ ಇಡಿಸಿದರು. ಹಾಲು ತರಲು ಹೊರಟವರು ಅದರಲ್ಲಿ ಹಾಕಿ ಹೋಗುತ್ತಿದ್ದರು. ಮೇಸ್ತ್ರಿಯನ್ನು ಕರೆತಂದದ್ದೂ ಅವರೇ. ಬೈಕ್ ಇದೆಯಲ್ಲ, ಪೊಲೀಸ್ ಪಾಸ್ ಮಾಡಿಸುತ್ತೇವೆ, ಸಾಮಾನು ಹಂಚಲು ಬನ್ನಿ ಎಂದಷ್ಟೇ ಹೇಳಿದರಂತೆ.

ಆ ಗುರುವಾರ ತೂಗುತ್ತಿದ್ದ ಅಕ್ಕಿ ಒಂದು ಮನೆಗೆ ಹತ್ತು ಕಿಲೋ. ಜೊತೆಗೆ ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು, ಕಾರದಪುಡಿ, ಎರಡು ಸಾಬೂನು. ನಮ್ಮ ಪಟ್ಟಿಯಲ್ಲಿ ಕುಟುಂಬಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದ್ದೆಂಬುದು ಕಾರ್ಯದರ್ಶಿಯಾದ ನನಗೆ ಬಾಯಿಪಾಠ. ಅಂದು ಪಟ್ಟಿಯ ಕೊನೆಯಲ್ಲಿ ಖಜಾಂಚಿಯ ಕೈಬರಹದಲ್ಲಿ ಹೊಸದೊಂದು ಸಂಖ್ಯೆ ಇತ್ತು. ಯಾರಿದು ಎಂದು ಕೇಳಲು ತಲೆ ಎತ್ತಿದೆ. ಅವರು ನನ್ನನ್ನು ನೋಡಿ, ‘ಅದನ್ನು ಕಟ್ಟಿಡಿ, ಹೇಗೂ ತಲುಪುತ್ತದೆ’ ಎಂದರು. ಮೇಸ್ತ್ರಿ ಬೈಕಿಗೆ ಚೀಲಗಳನ್ನು ಬಿಗಿಯುತ್ತಿದ್ದರು. ಕೊನೆಯ ಸುತ್ತಿಗೆ ಹೊರಟಾಗ ಆ ಚೀಲವನ್ನೂ ಹೇರಿಕೊಂಡರು. ವಿಳಾಸ ಕೇಳಲಿಲ್ಲ.

ದಿನಸಿಯಿಂದ ಎಲ್ಲರ ಹಸಿವೂ ಹಿಂಗುವುದಿಲ್ಲವೆಂದು ಬೇಗನೆ ತಿಳಿಯಿತು. ಕಟ್ಟಡ ಕೆಲಸಕ್ಕೆ ಬಂದು ನೀಲಿ ಟಾರ್ಪಾಲಿನ ಶೆಡ್ಡುಗಳಲ್ಲಿ ಉಳಿದಿದ್ದ ಯಾದಗಿರಿ, ರಾಯಚೂರಿನವರ ರೇಷನ್ ಕಾರ್ಡು ಊರಿನಲ್ಲಿತ್ತು. ಬಿಹಾರದ ಹುಡುಗರಿಗೆ ನಮ್ಮ ಅಕ್ಕಿಗಿಂತ ಗೋಧಿಹಿಟ್ಟು, ಆಲೂಗಡ್ಡೆ ಬೇಕಿತ್ತು. ಎಲ್ಲಕ್ಕಿಂತ ಮುಖ್ಯವಾಗಿ ಚಿಕ್ಕ ಸಿಲಿಂಡರಿಗೆ ಗ್ಯಾಸ್ ತುಂಬಿಕೊಡುವ ಅಂಗಡಿಗಳು ಬಾಗಿಲು ಹಾಕಿದ್ದವು. ಅಕ್ಕಿ ಕೊಟ್ಟರೆ ಬೇಯಿಸುವುದು ಎಲ್ಲಿ? ಪಕ್ಕದ ಕಾನ್ವೆಂಟಿನ ಕನ್ಯಾಸ್ತ್ರೀಯರು ಮಕ್ಕಳಿಲ್ಲದ ಹಾಸ್ಟೆಲಿನ ದೊಡ್ಡ ಪಾತ್ರೆಗಳನ್ನು ಇಳಿಸಿ ಒಲೆ ಹೊತ್ತಿಸಿದರು. ದಿನವೂ ಚಿತ್ರಾನ್ನವೇ. ಯಾಕೆ ಸಿಸ್ಟರ್ ಬರೀ ಚಿತ್ರಾನ್ನ ಎಂದರೆ, ಸಾಂಬಾರು ಚೆಲ್ಲಿದರೆ ಬೈಕು ತೊಳೆಯುವವರು ನೀವೋ ನಾವೋ ಎಂದು ಗದರಿದರು.

ಇತ್ತ ಮನೆಯಲ್ಲಿ ನನ್ನ ತಾಯಿಗೆ ಪೂಜೆಯ ಬರಗಾಲವೇನೂ ಇರಲಿಲ್ಲ. ಬೆಳಿಗ್ಗೆ ನಮ್ಮ ಚರ್ಚಿನ ಕನ್ನಡ ಪೂಜೆ, ಆಮೇಲೆ ಟಿವಿಯಲ್ಲಿ ವೇಳಾಂಕಣ್ಣಿಯ ತಮಿಳು ಪೂಜೆ, ಮಧ್ಯಾಹ್ನ ತಂಗಿ ಕಳಿಸಿದ ಮಂಗಳೂರಿನ ಕೊಂಕಣಿ ಪೂಜೆ. ಯಾವ ಭಾಷೆಗೆ ಯಾವ ಹೊತ್ತಿನ ಪೂಜೆ ಎಂದು ದಶಕಗಳಿಂದ ಜಗಳವಾಡಿದ ಬೆಂಗಳೂರಿನ ಕಥೋಲಿಕರಿಗೆ ಇಂಥ ಸೌಕರ್ಯ ಎಂದೂ ಸಿಕ್ಕಿರಲಿಲ್ಲ. ಪರಮಪ್ರಸಾದ ಸ್ವೀಕರಿಸುವ ಹೊತ್ತು ಬಂದಾಗ ಮಾತ್ರ ತಾಯಿ ಸೆರಗು ತಲೆಗೆಳೆದುಕೊಂಡು ಕಣ್ಣು ಮುಚ್ಚುತ್ತಿದ್ದರು. ಮನಸ್ಸಿನಲ್ಲೇ ಸ್ವೀಕರಿಸುವ ಪ್ರಾರ್ಥನೆಯನ್ನು ಪರದೆಯ ಮೇಲೆ ತೋರಿಸುತ್ತಿದ್ದರು. ಅದು ಸಾಕೇ ಎಂದು ಒಮ್ಮೆ ಕೇಳಿದೆ. ‘ಸಾಲುವುದಿಲ್ಲ, ಆದರೆ ಬಿಟ್ಟರೆ ಅದೂ ಇಲ್ಲ’ ಎಂದರು.

ಮಾರ್ಚ್ 27ರ ರಾತ್ರಿ ಹತ್ತೂವರೆಗೆ ಪೋಪ್ ಫ್ರಾನ್ಸಿಸ್ ಮಳೆಯಲ್ಲಿ ನೆನೆಯುತ್ತಿದ್ದ ಖಾಲಿ ಸಂತ ಪೇತ್ರರ ಚೌಕದಲ್ಲಿ ಒಬ್ಬರೇ ನಡೆದುಬಂದದ್ದನ್ನು ನಾವಿಬ್ಬರೂ ನೋಡಿದ್ದೆವು. ಅಲ್ಲಿ ನಿಲ್ಲಿಸಿದ್ದ ಶಿಲುಬೆಯನ್ನು 1522ರ ಪ್ಲೇಗಿನಲ್ಲಿ ರೋಮಿನ ಬೀದಿಗಳಲ್ಲಿ ಜನ ಹೊತ್ತು ತಿರುಗಿದ್ದರಂತೆ. ತಾಯಿ ಗಮನಿಸಿದ್ದು ಬೇರೆಯದನ್ನು: ಮುದುಕರು, ಕುಂಟುತ್ತಿದ್ದಾರೆ, ಕೊಡೆ ಹಿಡಿಯುವವರೂ ಇಲ್ಲವೇ.

ಮನೆ ಭೇಟಿಯ ಬದಲಿಗೆ ನಾವು ಫೋನ್ ಮಾಡುತ್ತಿದ್ದೆವು. ನನ್ನ ಪಾಲಿಗೆ ಬಂದವರಲ್ಲಿ ಮೂರನೆಯ ಮಹಡಿಯ ಒಂಟಿ ಕೋಣೆಯ ವಿಧವೆಯೊಬ್ಬರಿದ್ದರು. ಮೊದಲು ಅವರ ಮನೆಗೆ ಹೋದಾಗಲೆಲ್ಲ ಸ್ಟೀಲ್ ಲೋಟದಲ್ಲಿ ಕಾಫಿ ಕೊಡುತ್ತಿದ್ದರು. ನಾವು ಕೊಟ್ಟ ಸಕ್ಕರೆ, ನಾವು ಕೊಟ್ಟ ಪುಡಿ. ಆದರೆ ಆ ಹತ್ತು ನಿಮಿಷ ಅತಿಥಿಗಳು ನಾವು, ಮನೆಯೊಡತಿ ಅವರು. ಲಾಕ್‌ಡೌನಿನಲ್ಲಿ ಬಾಗಿಲ ಮುಂದೆ ಚೀಲ ಇಟ್ಟು, ಬಡಿದು, ಕೆಳಗಿಳಿದು ಬಂದೆವು. ಆ ರಾತ್ರಿ ಫೋನ್ ಮಾಡಿದಾಗ ಅವರು ಸಾಮಾನಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ‘ಬಾಗಿಲು ತೆಗೆಯುವಷ್ಟರಲ್ಲಿ ಓಡಿಬಿಟ್ಟಿರಿ. ನನಗೇನು ರೋಗವಿದೆಯೇ?’ ಎಂದರು. ನಿಮಗೆ ನಮ್ಮಿಂದ ಬರಬಾರದೆಂದು ಎಂಬ ನನ್ನ ಸಮಜಾಯಿಷಿ ಅವರಿಗೆ ಹಿಡಿಸಲಿಲ್ಲ. ಆ ಮಾತಿನ ನಂತರ ಕೆಳಗೆ ಅಂಗಳದಲ್ಲೇ ನಿಂತು, ಅವರು ಕಟಕಟೆಯ ಬಳಿ ಬಂದು ಬೈಯುವುದು ಮುಗಿಯುವವರೆಗೆ ಕಾಯತೊಡಗಿದೆವು. ಮೇಲಿನಿಂದ ಕೂಗಿ ಹೇಳುವ ಕಷ್ಟಸುಖ ವಠಾರಕ್ಕೆಲ್ಲ ಕೇಳುತ್ತಿತ್ತು. ಅದರ ಬಗ್ಗೆ ಅವರಿಗೇನೂ ಸಂಕೋಚವಿರಲಿಲ್ಲ.

ಜೂನ್ 8ರಿಂದ ಪೂಜಾಸ್ಥಳ ತೆರೆಯಲು ಅನುಮತಿ ಸಿಕ್ಕಿತು. ಅರವತ್ತೈದು ದಾಟಿದವರು ಮನೆಯಲ್ಲೇ ಇರಬೇಕೆಂಬ ಸೂಚನೆಯೂ ಜೊತೆಗೇ ಬಂತು. ನಮ್ಮ ಸಭೆಯಲ್ಲಿ ಅರ್ಧಕ್ಕರ್ಧ ಅದೇ ವಯಸ್ಸಿನವರು.

ಎರಡನೆಯ ಅಲೆಯ ಬಗ್ಗೆ ಹೆಚ್ಚು ಬರೆಯಲಾರೆ. 2021ರ ಮೇ ತಿಂಗಳಲ್ಲಿ ಖಜಾಂಚಿ ಹೋದರು. ಹೊಸೂರು ರಸ್ತೆಯ ಸ್ಮಶಾನದಲ್ಲಿ, ತಲೆಯಿಂದ ಕಾಲಿನವರೆಗೆ ಬಿಳಿ ಕವಚ ತೊಟ್ಟ ಸ್ವಯಂಸೇವಕರು ಪೆಟ್ಟಿಗೆ ಇಳಿಸಿದರು. ಅವರ ಮಗ ದೂರದಲ್ಲಿ ಫೋನ್ ಎತ್ತಿ ಹಿಡಿದು ನಿಂತಿದ್ದ. ಅದರಲ್ಲಿ ನಾವು ನೋಡಿದೆವು. ಜುಲೈನಲ್ಲಿ ಲೆಕ್ಕದ ಪುಸ್ತಕ ನನ್ನ ಕೈಗೆ ಬಂತು. ದಿನಾಂಕ, ಮೊತ್ತ, ಖರ್ಚು ಎಲ್ಲವೂ ಪೈಸೆ ತಪ್ಪದಂತೆ ಇವೆ. ಫೋನಿನಲ್ಲಿ ಬಂದ ಪ್ರತಿ ಹಣದ ಎದುರಿಗೂ ಒಂದೇ ಶಬ್ದ: ಕಾಣಿಕೆ.

ಈಗ ಖಜಾಂಚಿ ಮೇಸ್ತ್ರಿ. ಕ್ಯೂಆರ್ ಕೋಡ್ ಅಂಟಿಸೋಣ, ಆದಾಯ ಹೆಚ್ಚುತ್ತದೆ ಎಂದು ಹೊಸಬರು ಆಗಾಗ ಹೇಳುತ್ತಾರೆ; ಅವರು ಹೇಳುವುದು ಲೆಕ್ಕದ ಪ್ರಕಾರ ಸರಿ. ದುಡಿಯುವವರನ್ನು ಆ ವರ್ಷ ಕಳೆದುಕೊಂಡ ಮನೆಗಳು ಪಟ್ಟಿಯಲ್ಲಿ ಇನ್ನೂ ಇವೆ, ಅಲ್ಲಿನ ಮಕ್ಕಳು ಈಗ ಪಿಯುಸಿ, ಡಿಪ್ಲೊಮಾ ಓದುತ್ತಿದ್ದಾರೆ. ಜೂನ್ ಬಂದರೆ ಫೀಸು ಕಟ್ಟಬೇಕು. ಈ ವಿಷಯ ಮುಂದಿನ ಭಾನುವಾರದ ಸಭೆಗಿದೆ. ಮೇಸ್ತ್ರಿ ಏನು ಹೇಳುತ್ತಾರೆಂದು ನನಗೆ ಗೊತ್ತು. ಫೀಸಿನ ಹಣ ಎಲ್ಲಿಂದ ತರುತ್ತಾರೆಂದು ಮಾತ್ರ ಗೊತ್ತಿಲ್ಲ.